ಕನ್ನಡಕ್ಕೆ ಇಂಗ್ಲಿಷ್ ಬೆರೆಸಿ ಬರೆಯುವ ನಾವು: ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆ ಜನ ಫೋನಿನಲ್ಲಿ ಹೇಗೆ ಬರೆಯುತ್ತಾರೆ ಅಂತ ತಿಳಿಯಬೇಕಾದರೆ ಇಲ್ಲಿನ ಯಾವುದಾದರೂ ಡಿಟಿಪಿ ಅಂಗಡಿಯ ವಾಟ್ಸಾಪ್ ನೋಡಿದರೆ ಸಾಕು. ನನ್ನದೂ ಅದೇ ಕೆಲಸ. ಲಗ್ನಪತ್ರಿಕೆ, ಗೃಹಪ್ರವೇಶ, ಬರ್ತ್‌ಡೇ ಫ್ಲೆಕ್ಸ್, ಜಾತ್ರೆ ಬ್ಯಾನರ್, ಎಲ್ಲದರ ಮ್ಯಾಟರೂ ಈಗ ಫೋನಿಗೇ ಬರುತ್ತದೆ. ಜೊತೆಗೆ ಒಂದಷ್ಟು ಅಂಗಡಿಗಳ ಇನ್‌ಸ್ಟಾಗ್ರಾಂ, ಫೇಸ್‌ಬುಕ್ ಪೇಜಿಗೆ ಬರೆದುಕೊಡುತ್ತೇನೆ. ಗಿರಾಕಿಗಳು, ಕಾಲೇಜು ಹುಡುಗರು, ಮೇಷ್ಟ್ರುಗಳು ಕೇಳುವ ಪ್ರಶ್ನೆಗಳಿಗೆ ಪ್ರತಿ ಸಲ ಬಾಯಲ್ಲಿ ಹೇಳುವ ಬದಲು ಇಲ್ಲಿ ಬರೆದಿಟ್ಟಿದ್ದೇನೆ. ಅಲ್ಲಲ್ಲಿ ಭಾಷೆ ಬಗ್ಗೆ ಕೆಲಸ ಮಾಡಿದವರು ಕಂಡುಕೊಂಡಿದ್ದೂ ಇದೆ, ನನ್ನ ಅಭಿಪ್ರಾಯವೂ ಇದೆ.

ಬಸ್, ಕರೆಂಟ್, ಮೊಬೈಲ್ ಅನ್ನೋದೂ ಬೆರಕೆ ಲೆಕ್ಕಕ್ಕೇ ಬರುತ್ತಾ?

ಇಲ್ಲ. ಅವು ಕನ್ನಡಕ್ಕೆ ಬಂದು ಸೇರಿಕೊಂಡಿವೆ. ಇಂಗ್ಲಿಷಿನ ಒಂದು ಅಕ್ಷರ ಗೊತ್ತಿಲ್ಲದ ಅಜ್ಜಿಯೂ "ಕರೆಂಟ್ ಹೋತು" ಅಂತಾರೆ. ಅರ್ಜಿ, ವಕೀಲ, ಜಮೀನು ಇವೂ ಒಂದು ಕಾಲಕ್ಕೆ ಹೊರಗಿಂದ ಬಂದವೇ, ಈಗ ಯಾರಿಗೂ ನೆನಪಿಲ್ಲ. ಬೆರಕೆ ಅನ್ನೋದು ಬೇರೆ. ಎರಡೂ ಭಾಷೆ ಬರುವವನು ಒಂದೇ ಮೆಸೇಜಿನಲ್ಲಿ ಅದರಿಂದ ಇದಕ್ಕೆ, ಇದರಿಂದ ಅದಕ್ಕೆ ಹೊರಳುವುದು. "ನಾಳೆ ಹರಿಹರಕ್ಕೆ ಹೋಗೋ ಪ್ಲಾನ್ ಇತ್ತು, ಬಟ್ ಐ ಆಮ್ ನಾಟ್ ಶೂರ್, ಅಪ್ಪಾಜಿನ ಕೇಳಿ ಹೇಳ್ತೀನಿ." ಇದರಲ್ಲಿ ಪ್ಲಾನ್ ನಮ್ಮದೇ ಆಗಿಹೋಗಿದೆ, ನಡುವಿನ ತುಂಡು ಮಾತ್ರ ಪೂರ್ತಿ ಇಂಗ್ಲಿಷ್. ಎರಡರ ನಡುವೆ ಗೆರೆ ಎಳೆಯೋದು ಎಲ್ಲಾ ಸಲ ಸುಲಭ ಅಲ್ಲ, ಬಿಡಿ.

ಎರಡೂ ಭಾಷೆ ನೆಟ್ಟಗೆ ಬರದವರು ಮಾತ್ರ ಹೀಗೆ ಬೆರೆಸೋದು ಅಲ್ವಾ?

ಈ ಪ್ರಶ್ನೆ ಜಾಸ್ತಿ ಬರೋದು ಮೇಷ್ಟ್ರುಗಳಿಂದ. ಉತ್ತರ ಅವರಿಗೆ ಇಷ್ಟ ಆಗಲ್ಲ. ಶಾನಾ ಪಾಪ್ಲಾಕ್ ಅನ್ನುವ ಭಾಷಾತಜ್ಞೆ ನ್ಯೂಯಾರ್ಕಿನ ಪೋರ್ಟೊ ರಿಕೋ ಮೂಲದವರು ಸ್ಪ್ಯಾನಿಷ್, ಇಂಗ್ಲಿಷ್ ಬೆರೆಸಿ ಮಾತಾಡುವುದನ್ನು ಕೂತು ಕೇಳಿ, 1980ರಲ್ಲಿ ಬರೆದರು. ಅವರು ಕಂಡದ್ದು ಉಲ್ಟಾ. ವಾಕ್ಯದ ನಡುವೆಯೇ ಭಾಷೆ ಬದಲಿಸುವವರು ಜಾಸ್ತಿ ಎರಡೂ ಭಾಷೆ ಚೆನ್ನಾಗಿ ಬರುವವರು. ಒಂದು ಭಾಷೆ ಅಷ್ಟಕ್ಕಷ್ಟೇ ಇದ್ದವರು ವಾಕ್ಯದ ತುದಿಗೆ ಒಂದು "ಯು ನೋ" ತರದ ಚಿಕ್ಕ ತುಂಡು ಅಂಟಿಸಿ ಸುಮ್ಮನಾಗುತ್ತಿದ್ದರು. ನಡುವೆ ಕೈ ಹಾಕಬೇಕಾದರೆ ಎರಡೂ ಕಡೆಯ ವಾಕ್ಯ ಎಲ್ಲಿ ಬಿಚ್ಚಿಕೊಳ್ಳುತ್ತದೆ ಅಂತ ಗೊತ್ತಿರಬೇಕು.

ನಮ್ಮಲ್ಲೂ ನೋಡಿ. ಮೆಡಿಕಲ್ ಓದುವ ದಾವಣಗೆರೆ ಹುಡುಗಿ "ಇವತ್ತು ವಾರ್ಡಲ್ಲಿ ಒಬ್ರು ಅಜ್ಜ ಸಿಕ್ಕಿದ್ರು, ಸೋ ಸ್ವೀಟ್, ಇಂಜೆಕ್ಷನ್ ಅಂದ್ರೆ ಮಾತ್ರ ಓಡಿಹೋಗ್ತಾರೆ" ಅಂತ ಸ್ಟೇಟಸ್ ಹಾಕುತ್ತಾಳೆ. ಅವಳಿಗೆ ಕನ್ನಡವೂ ಬರುತ್ತದೆ, ಇಂಗ್ಲಿಷೂ ಬರುತ್ತದೆ. ಬರೀ ಇಂಗ್ಲಿಷಿನಲ್ಲಿ ಬರೆದರೆ ಅಜ್ಜ ಹೋಗಿ ಬರೀ ಪೇಷಂಟ್ ಉಳಿಯುತ್ತಾನೆ ಅಂತ ಅವಳಿಗೆ ಗೊತ್ತು.

ಇದೆಲ್ಲಾ ಸ್ಮಾರ್ಟ್‌ಫೋನ್ ಬಂದ ಮೇಲೆ ಶುರುವಾಗಿದ್ದಾ?

ಅಲ್ಲ. ಕನ್ನಡದಲ್ಲಿ ಬೇರೆ ಭಾಷೆ ಬೆರೆಯುವುದು ಯಾವ ಯಾವ ಕೆಲಸಕ್ಕೆ ಅಂತ ಭಾಷಾತಜ್ಞ ಎಸ್. ಎನ್. ಶ್ರೀಧರ್ 1978ರಲ್ಲೇ ಬರೆದಿದ್ದಾರೆ. ಆಗ ಮೊಬೈಲ್ ಎಲ್ಲಿತ್ತು? ಆಗಿದ್ದ ವ್ಯತ್ಯಾಸ ಇಷ್ಟೇ, ಬೆರಕೆ ಬಾಯಿಮಾತಿನಲ್ಲಿ ಇರುತ್ತಿತ್ತು, ಬರೆಯುವಾಗ ಜನ ಗ್ರಾಂಥಿಕಕ್ಕೆ ಹೋಗುತ್ತಿದ್ದರು. "ಕ್ಷೇಮ, ನಿಮ್ಮ ಕ್ಷೇಮಕ್ಕೆ ಪತ್ರ ಬರೆಯುವುದು" ಅಂತ ಕಾಗದ ಶುರುವಾಗುತ್ತಿತ್ತು. ಈಗ ಬಾಯಲ್ಲಿ ಆಡುವುದನ್ನೇ ಕೈಯಲ್ಲಿ ಬರೆಯುತ್ತಿದ್ದೇವೆ, ಅದಕ್ಕೇ ಹೊಸದಾಗಿ ಕಾಣುತ್ತದೆ.

ಬೆರಕೆಗೂ ವ್ಯಾಕರಣ ಅಂತ ಒಂದು ಇರುತ್ತಾ?

ಇದೆ, ಗಟ್ಟಿಯಾಗೇ ಇದೆ. ಯಾರೂ ಕಲಿಸಿಲ್ಲ, ಯಾರೂ ತಪ್ಪಲ್ಲ.

ಇಂಗ್ಲಿಷ್ ಪದ ಎಷ್ಟೇ ಬರಲಿ, ಬಾಲ ಕನ್ನಡದ್ದೇ. ಗ್ರೂಪಿಗೆ, ಗ್ರೂಪಲ್ಲಿ, ಗ್ರೂಪಿಂದ. ಸ್ಟೇಟಸ್ಸು, ಲೈಕು, ಲಿಂಕು ಅಂತ ಕೊನೆಗೊಂದು ಉಕಾರವೂ ಬಂದು ಕೂರುತ್ತದೆ. ಉಲ್ಟಾ ಮಾಡಿ, ಕನ್ನಡ ಪದಕ್ಕೆ ಇಂಗ್ಲಿಷ್ ಬಾಲ ಹಾಕಿ "ಹುಡುಗ್ಸ್" ಅಂದರೆ ಅದು ತಮಾಷೆಗೆ ಮಾತ್ರ. "ಕಮೆಂಟ್ಸ್‌ಗಳು" ಅಂತ ಎರಡೆರಡು ಬಹುವಚನ ಹಾಕುವವರೂ ಇದ್ದಾರೆ. ನಗಬೇಡಿ, ಅವರ ಕಿವಿಗೆ ಕಮೆಂಟ್ಸ್ ಅನ್ನೋದೇ ಒಂದು ಇಡೀ ಪದ. ಇನ್ನು ನಮ್ಮ ಗಿ-ಗೀ ಸೇರಿಸುವ ಚಾಳಿ. "ರೀಲ್ಸು ಗೀಲ್ಸು ಬಿಟ್ಟು ಓದ್ಕೋ" ಅಂತ ಬೈಯುವ ಅಮ್ಮ ಇಂಗ್ಲಿಷ್ ಪದವನ್ನು ಪೂರ್ತಿ ಕನ್ನಡದ ಮನೆಯೊಳಗೆ ಎಳೆದುಕೊಂಡಿದ್ದಾಳೆ.

ಕ್ರಿಯಾಪದದ ಕಥೆ ಇನ್ನೂ ಮಜಾ. ಇಂಗ್ಲಿಷ್ ಕ್ರಿಯೆ ನೇರವಾಗಿ ಕನ್ನಡದ ಕಾಲಕ್ಕೆ ಬಗ್ಗಲ್ಲ. "ಬ್ಲಾಕಿದ" ಅಂತ ಯಾರೂ ಬರೆಯಲ್ಲ, "ಬ್ಲಾಕ್ ಮಾಡಿದ" ಅಂತಲೇ. ಓದಿಕೊಂಡವರು "ಗೂಗಲಿಸಿ ನೋಡಿ" ಅಂತ ಬರೆಯುತ್ತಾರೆ, ಪ್ರೀತಿಸು, ಯೋಚಿಸು ಇದ್ದ ಹಾಗೆ. ಸಂತೆಯಲ್ಲಿ ಕೇಳಿದರೆ "ಗೂಗಲ್ ಮಾಡ್ರಿ" ಅಷ್ಟೇ. ಮಾಡು ಜೊತೆಗೆ ಆಗು ಬರುತ್ತದೆ, ಇವೆರಡರಲ್ಲಿ ಯಾವುದನ್ನು ಹಾಕುತ್ತಾರೆ ಅನ್ನೋದನ್ನ ಗಮನಿಸಿ. ಓಣಿಯ ಗ್ರೂಪಿನಲ್ಲಿ ಒಬ್ಬರು ಯಾರದೋ ಬಗ್ಗೆ ಏನೋ ಬರೆದು, ಎಂಟ್ಹತ್ತು ಜನ ಓದಿದ ಮೇಲೆ ತೆಗೆದುಹಾಕುತ್ತಾರೆ. ಕೇಳಿದರೆ "ಅದು ಡಿಲೀಟ್ ಆಗೈತಿ ನೋಡ್ರಿ" ಅನ್ನುತ್ತಾರೆ. ಮಾಡಿದ್ದು ಅಲ್ಲ, ಆಗಿದ್ದು! ಅದೇ ಇನ್ನೊಬ್ಬರು ತೆಗೆದಿದ್ದರೆ "ಅವ್ನೇ ಡಿಲೀಟ್ ಮಾಡ್ಯಾನ." ಫಾರ್ವರ್ಡ್ ಆಗಿಬಿಡ್ತು, ಸೆಂಡ್ ಆಗಿಬಿಡ್ತು, ಕಾಲ್ ಕಟ್ ಆಯ್ತು, ಹೀಗೆ ಕೈ ತೊಳೆದುಕೊಳ್ಳುವ ಸೌಕರ್ಯವನ್ನು ಕನ್ನಡ ಇಂಗ್ಲಿಷ್ ಪದಕ್ಕೂ ಧಾರಾಳವಾಗಿ ಕೊಟ್ಟಿದೆ. "ಗ್ರೂಪಿಂದ ಲೆಫ್ಟ್ ಆದ" ಅನ್ನೋದನ್ನ ಇಂಗ್ಲಿಷ್ ಮೇಷ್ಟ್ರು ಕೇಳಿದರೆ ತಲೆ ಚಚ್ಚಿಕೊಳ್ಳಬೇಕು, ಆದರೆ ದಾವಣಗೆರೆಯಲ್ಲಿ ಅದಕ್ಕಿಂತ ಸ್ಪಷ್ಟವಾದ ವಾಕ್ಯ ಇಲ್ಲ.

ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಯಾಕೆ ಬರೀತಾರೆ? ಈಗ ಕನ್ನಡ ಕೀಬೋರ್ಡ್ ಇದೆಯಲ್ಲ?

ಹಳೇ ಚಾಳಿ. ಬೇರು ಎಸ್ಸೆಮ್ಮೆಸ್ ಕಾಲದ್ದು. ಒಂದು ಎಸ್ಸೆಮ್ಮೆಸ್ಸಿನಲ್ಲಿ ಇಂಗ್ಲಿಷ್ ಅಕ್ಷರ 160 ಹಿಡಿಸುತ್ತಿದ್ದವು. ಕನ್ನಡ ಲಿಪಿಯಲ್ಲಿ ಬರೆದರೆ 70ಕ್ಕೇ ಮುಗಿಯುತ್ತಿತ್ತು, ಅದರಲ್ಲೂ ಒತ್ತು, ಗುಣಿತ ಎಲ್ಲಾ ಬೇರೆ ಬೇರೆ ಲೆಕ್ಕ. ಹೀಗಾಗಿ "ಸ್ತ್ರೀ" ಅಂತ ಕಣ್ಣಿಗೆ ಒಂದೇ ಅಕ್ಷರ ಕಂಡರೂ ಫೋನಿನ ಲೆಕ್ಕದಲ್ಲಿ ಆರು. ಕಾಸು ಹೋಗುತ್ತದೆ ಅಂದಮೇಲೆ ಯಾರು ಬರೆಯುತ್ತಾರೆ? ಎಷ್ಟೋ ಫೋನುಗಳಲ್ಲಿ ಕನ್ನಡ ಬಂದರೆ ಬರೀ ಚೌಕ ಡಬ್ಬಿ ಕಾಣುತ್ತಿತ್ತು. ಎಲ್ಲಾ ಭಾಷೆಯ ಅಕ್ಷರಕ್ಕೂ ಒಂದೊಂದು ನಂಬರ್ ಕೊಡುವ ಯುನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು ನಿಜ, ಆದರೆ ಅದು ಕೈಯಲ್ಲಿರುವ ಫೋನಿಗೆ ಇಳಿಯೋಕೆ ವರ್ಷಗಟ್ಟಲೆ ಹಿಡಿಯಿತು. ಅಷ್ಟರಲ್ಲಿ ಬೆರಳುಗಳು ಇಂಗ್ಲಿಷ್ ಅಕ್ಷರಕ್ಕೆ ಒಗ್ಗಿಹೋಗಿದ್ದವು.

ಈಗ ಆ ಯಾವ ಅಡ್ಡಿಯೂ ಇಲ್ಲ. ಆದರೂ ಮ್ಯಾಟರ್ ಕಳಿಸುವವರಲ್ಲಿ ಬಹಳ ಜನ ಇಂಗ್ಲಿಷ್ ಅಕ್ಷರದಲ್ಲೇ ಕಳಿಸುತ್ತಾರೆ. ಆಗ ನನ್ನ ಪಾಡು ಕೇಳಬೇಡಿ. ಇಂಗ್ಲಿಷಿನಲ್ಲಿ ಲ, ಳ ಒಂದೇ. ನ, ಣ ಒಂದೇ. ಹ್ರಸ್ವ, ದೀರ್ಘ ಬರೆಯುವವನ ಮರ್ಜಿ. ಬಿ, ಎ, ಎಲ್, ಇ ಅಂತ ನಾಲ್ಕಕ್ಷರ ಬಂದರೆ ಅದು ಬಲೆಯೋ, ಬಳೆಯೋ, ಬಾಳೆಯೋ, ಬೆಲೆಯೋ? ಹಣ್ಣಿನ ಅಂಗಡಿಯವರು ಕಳಿಸಿದರೆ ಬಾಳೆ, ಫ್ಯಾನ್ಸಿ ಸ್ಟೋರಿನವರು ಕಳಿಸಿದರೆ ಬಳೆ. ಒಂದು ಹಳ್ಳಿಯಿಂದ ದೇವಸ್ಥಾನದ ದಾನಿಗಳ ಪಟ್ಟಿ ಬಂತು. ಅದರಲ್ಲಿ ಕೆ, ಎ, ಎಲ್, ಎಲ್, ಯು ಕೊಟ್ಟವರು ಅಂತ ಒಂದು ಸಾಲು. ಕಲ್ಲು ಅಂತ ನನಗೂ ಗೊತ್ತು, ನಿಮಗೂ ಗೊತ್ತು. ಆದರೆ ಅದನ್ನೇ ಕಳ್ಳು ಅಂತಲೂ ಓದಬಹುದು. ದೇವಸ್ಥಾನದ ಗೋಡೆಗೆ ಹಾಕುವ ಬೋರ್ಡು, ದಾನಿ ಪಕ್ಕದಲ್ಲೇ ನಿಂತು ಓದುತ್ತಾನೆ. ಫೋನ್ ಮಾಡಿ ಕೇಳಿಯೇ ಹಾಕಬೇಕು.

ಹೆಸರುಗಳ ಕಥೆಯಂತೂ ಕೇಳಲೇಬೇಡಿ. ಮನೆತನದ ಹೆಸರು, ಊರ ಹೆಸರು ಮೊದಲು ಕನ್ನಡದಲ್ಲಿ ಬರೆದು ಕಳಿಸಿ, ಉಳಿದದ್ದು ಹೇಗಾದರೂ ಇರಲಿ. ಟೈಪ್ ಬರಲ್ಲ ಅಂದರೆ ಚೀಟಿಯಲ್ಲಿ ಬರೆದು ಫೋಟೋ ಹೊಡೆದು ಕಳಿಸಿ.

ಹಾಗಾದರೆ ಇಂಗ್ಲಿಷ್ ಅಕ್ಷರದಲ್ಲಿ ಬರೆಯೋದು ತಪ್ಪಾ?

ಗೆಳೆಯರ ನಡುವೆ ಏನೂ ತಪ್ಪಿಲ್ಲ. ನನ್ನ ತಕರಾರು ಎಲ್ಲರೂ ಓದಬೇಕಾದ ವಿಷಯದ ಬಗ್ಗೆ. ನೀರು ಬಿಡುವ ಟೈಮು, ಸಾವಿನ ಸುದ್ದಿ, ಮಕ್ಕಳ ಶಾಲೆಯ ನೋಟಿಸು, ರೇಷನ್ ವಿಷಯ. ಕನ್ನಡ ಶಾಲೆಯಲ್ಲಿ ಓದಿ ಇಂಗ್ಲಿಷ್ ಅಕ್ಷರ ಕೂಡಿಸಿ ಓದೋಕೆ ಕಷ್ಟ ಪಡುವ ಅಕ್ಕ, ಅತ್ತೆ, ದೊಡ್ಡಪ್ಪ ಎಲ್ಲಾ ಮನೆಯಲ್ಲೂ ಇದ್ದಾರೆ. ಬೆರಕೆ ಅವರಿಗೆ ಅಡ್ಡಿ ಅಲ್ಲ. "ಮೀಟಿಂಗ್ ಪೋಸ್ಟ್‌ಪೋನ್ ಆಗಿದೆ" ಅಂತ ಕನ್ನಡ ಲಿಪಿಯಲ್ಲಿ ಬರೆದರೆ ಅವರು ಸಲೀಸಾಗಿ ಓದುತ್ತಾರೆ. "ಸಭೆಯನ್ನು ಮುಂದೂಡಲಾಗಿದೆ" ಅಂತ ಶುದ್ಧವಾಗಿ ಬರೆದು ಅದನ್ನು ಇಂಗ್ಲಿಷ್ ಅಕ್ಷರದಲ್ಲಿ ಕಳಿಸಿದರೆ ಓದಲ್ಲ, ಇನ್ನೊಬ್ಬರ ಕೈಗೆ ಫೋನ್ ಕೊಟ್ಟು ಏನಿದೆ ನೋಡು ಅಂತಾರೆ. ಅವರನ್ನು ಹೊರಗಿಡುವುದು ಪದ ಅಲ್ಲ, ಲಿಪಿ. ಶುದ್ಧ ಕನ್ನಡಕ್ಕೆ ಜಗಳ ಆಡುವವರು ಅರ್ಧ ಸಿಟ್ಟನ್ನಾದರೂ ಈ ಕಡೆ ತಿರುಗಿಸಿದರೆ ಚೆನ್ನಾಗಿತ್ತು.

ದಾವಣಗೆರೆ ಬೆರಕೆಗೂ ಬೆಂಗಳೂರು ಬೆರಕೆಗೂ ವ್ಯತ್ಯಾಸ ಇದೆಯಾ?

ಇದೆ. ಬೆಂಗಳೂರಿನ ಬೆರಕೆ ಅಂದರೆ ಮುಖ್ಯವಾಗಿ ಕನ್ನಡ-ಇಂಗ್ಲಿಷ್, ಮೇಲೆ ಸ್ವಲ್ಪ ಹಿಂದಿ. ನಮ್ಮದರಲ್ಲಿ ಪದರ ಜಾಸ್ತಿ. ಮೊದಲನೆಯದು ಕನ್ನಡದ್ದೇ ಎರಡು ರೂಪ. ನಾವು ನಡುವಿನ ಊರಿನವರು. ಐತಿ ಅನ್ನುವವರೂ ಇದ್ದಾರೆ, ಐತೆ ಅನ್ನುವವರೂ ಇದ್ದಾರೆ, ಫೋನಿನಲ್ಲಿ "ಇದೆ" ಅಂತ ಬರೆಯುವವರೂ ಅವರೇ. ಹುಡುಗರು ರೀಲ್ಸ್‌ನಲ್ಲಿ ಬೇಕಂತಲೇ "ಬರ್ರಿ, ನೋಡ್ರಿ, ತಿನ್ರಿ" ಅಂತ ಬರೆದು ಕೆಳಗೆ "ಬೆಸ್ಟ್ ಬೆಣ್ಣೆ ದೋಸೆ ಇನ್ ಟೌನ್" ಅಂತ ಹಾಕುತ್ತಾರೆ. ಮೊದಲ ಸಾಲು ಊರಿನವರಿಗೆ, ಎರಡನೆಯದು ಹೈವೇಯಲ್ಲಿ ಹೋಗುವವರಿಗೆ.

ಎರಡನೆಯದು ಉರ್ದು. ಇಲ್ಲಿ ಮನೆಯಲ್ಲಿ ದಖ್ಖನಿ, ಅಂದರೆ ನಮ್ಮ ಕಡೆಯ ಉರ್ದು ಮಾತಾಡಿ, ಕನ್ನಡ ಮೀಡಿಯಂನಲ್ಲಿ ಓದಿದ ಹುಡುಗರು ಗೆಳೆಯರ ಗ್ರೂಪಿನಲ್ಲಿ ದಖ್ಖನಿಯನ್ನು ಕನ್ನಡ ಲಿಪಿಯಲ್ಲಿ ಬರೆಯುತ್ತಾರೆ. "ಆತೂಂ ಬೋಲ್ಕೆ ಬೋಲ್ಯಾ, ಆಯಾಚ್ ನೈ." ಇದನ್ನು ಓದಿದರೆ ಕನ್ನಡದವರಿಗೆ ಎಲ್ಲೋ ಕೇಳಿದಂತೆ ಅನ್ನಿಸುತ್ತದೆ, ಯಾಕಂದರೆ ವಾಕ್ಯದ ಕಟ್ಟು ನಮ್ಮದೇ: ಬರ್ತೀನಿ ಅಂತ ಅಂದ, ಬರಲೇ ಇಲ್ಲ. ನಾವು "ಅಂತ" ಹಾಕುವ ಜಾಗದಲ್ಲೇ ಅವರ "ಬೋಲ್ಕೆ". ಹೀಗೆ ಆಗುವುದನ್ನು ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ ಅನ್ನುವ ಸಂಶೋಧಕರು 1971ರಲ್ಲಿ ಬರೆದಿದ್ದಾರೆ. ಅವರು ಹೋಗಿ ಕೂತಿದ್ದು ಗಡಿಯಾಚೆ ಸಾಂಗಲಿ ಜಿಲ್ಲೆಯ ಕುಪ್ವಾಡ ಅನ್ನುವ ಹಳ್ಳಿಯಲ್ಲಿ. ಕನ್ನಡ, ಮರಾಠಿ, ಉರ್ದು ಮೂರೂ ಅಲ್ಲಿ ತಲೆತಲಾಂತರದಿಂದ ಒಟ್ಟಿಗೆ ಬದುಕಿ, ಪದಗಳು ಬೇರೆ ಬೇರೆ ಉಳಿದರೂ ವಾಕ್ಯ ಕಟ್ಟುವ ರೀತಿ ಮಾತ್ರ ಹೆಚ್ಚುಕಡಿಮೆ ಒಂದೇ ಆಗಿಬಿಟ್ಟಿತ್ತು. ಹೀಗಾಗಿ ಒಂದರಿಂದ ಇನ್ನೊಂದಕ್ಕೆ ಹೊರಳೋದು ಸಲೀಸು.

ಮೂರನೆಯದು ತಾಂಡಾಗಳ ಲಂಬಾಣಿ. ಅದಕ್ಕೆ ಬಳಕೆಯಲ್ಲಿರುವ ಸ್ವಂತ ಲಿಪಿ ಇಲ್ಲ. ಅದಕ್ಕೇ ನಮ್ಮ ಕಡೆಯ ಹುಡುಗರು ಕನ್ನಡ ಲಿಪಿಯಲ್ಲೋ ಇಂಗ್ಲಿಷ್ ಅಕ್ಷರದಲ್ಲೋ ಬರೆಯುತ್ತಾರೆ. ಅಜ್ಜಿ ಬಾಯಲ್ಲಿ ಮಾತ್ರ ಇದ್ದ ಭಾಷೆ ಈಗ ಕಮೆಂಟುಗಳಲ್ಲಿ ಬರಹಕ್ಕೆ ಬರುತ್ತಿದೆ, ಜೊತೆಗೆ ಕನ್ನಡವನ್ನೂ ಇಂಗ್ಲಿಷನ್ನೂ ಕಟ್ಟಿಕೊಂಡೇ. ಇನ್ನು ಚಳ್ಳಕೆರೆ, ಮೊಳಕಾಲ್ಮೂರು ಕಡೆ ಹೋದರೆ ತೆಲುಗು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಫೋನಿನಲ್ಲಿ ಎರಡೂ.

ನಮ್ಮ ದೇಶದಲ್ಲಿ 2011ರ ಜನಗಣತಿಯಲ್ಲಿ ಒಂದಕ್ಕಿಂತ ಹೆಚ್ಚು ಭಾಷೆ ಬರುತ್ತದೆ ಅಂತ ಹೇಳಿಕೊಂಡವರು ನೂರಕ್ಕೆ ಸುಮಾರು 26 ಜನ. ನಮ್ಮೂರಿನ ಮಂಡಿಪೇಟೆಯಲ್ಲಿ ಅರ್ಧ ಗಂಟೆ ನಿಂತವರಿಗೆ ಈ ಲೆಕ್ಕ ಕಡಿಮೆ ಅನ್ನಿಸುತ್ತದೆ.

ಜನ ಯಾವಾಗ ಇಂಗ್ಲಿಷಿಗೆ ಹೊರಳ್ತಾರೆ, ಯಾವಾಗ ಕನ್ನಡಕ್ಕೆ ವಾಪಸ್ ಬರ್ತಾರೆ?

ನಾನು ಕಂಡಂತೆ ಹೇಳುತ್ತೇನೆ.

ದುಡ್ಡಿನ ಮಾತು ಇಂಗ್ಲಿಷ್. "ಸಾರ್, ಬ್ಯಾಲೆನ್ಸ್ ಪೇಮೆಂಟ್ ಪೆಂಡಿಂಗ್ ಇದೆ" ಅಂದರೆ ಕೇಳುವವನಿಗೂ ಮುಜುಗರ ಇಲ್ಲ, ಕೊಡುವವನಿಗೂ ಇಲ್ಲ. "ಬಾಕಿ ದುಡ್ಡು ಕೊಡ್ರಿ" ಅಂದರೆ ಜಗಳಕ್ಕೆ ಬಂದಂಗೆ ಇರುತ್ತದೆ. ಕಾಯಿಲೆ, ರಿಪೋರ್ಟು, ಡೈವೋರ್ಸು, ಇವೂ ಇಂಗ್ಲಿಷ್, ಕಾರಣ ಅದೇ.

ಸಾವಿಗೆ ಮಾತ್ರ ಕನ್ನಡ. ಬೆಳಗಿಂದ ರಾತ್ರಿವರೆಗೆ ಇಂಗ್ಲಿಷಿನಲ್ಲೇ ಬರೆಯುವವರೂ ಮನೆಯ ಹಿರಿಯರು ಹೋದಾಗ "ಲಿಂಗೈಕ್ಯರಾದರು", "ಭಾವಪೂರ್ಣ ಶ್ರದ್ಧಾಂಜಲಿ" ಅಂತಲೇ ಮ್ಯಾಟರ್ ಕಳಿಸುತ್ತಾರೆ. ಎರಡು ವರ್ಷಕ್ಕೊಮ್ಮೆ ನಡೆಯುವ ದುಗ್ಗಮ್ಮನ ಜಾತ್ರೆ ಫ್ಲೆಕ್ಸುಗಳನ್ನು ನೋಡಿ. ದೇವಿಯ ಹೆಸರು, ಬಿರುದು ಎಲ್ಲಾ ದಪ್ಪ ಕನ್ನಡದಲ್ಲಿ, ಕೆಳಗೆ ನಿಂತಿರುವ ಹುಡುಗರ ಗ್ಯಾಂಗಿನ ಹೆಸರು ಇಂಗ್ಲಿಷಿನಲ್ಲಿ.

ಜಗಳದಲ್ಲಿ ಕ್ರಮ ಇನ್ನೊಂದು ತರ. ಶುರುವಿನಲ್ಲಿ ಇಂಗ್ಲಿಷ್, "ಕೈಂಡ್ಲಿ ಅವಾಯ್ಡ್ ಸಚ್ ಮೆಸೇಜಸ್". ಆಮೇಲೆ ಬೆರಕೆ. ಸಿಟ್ಟು ನೆತ್ತಿಗೇರಿದ ಮೇಲೆ "ಏನ್ ಅನ್ಕಂಡೀಯಲೇ ನೀನು". ಅಲ್ಲಿಗೆ ಅಡ್ಮಿನ್ ಗ್ರೂಪನ್ನು ಲಾಕ್ ಮಾಡುತ್ತಾನೆ.

ಇನ್ನೊಂದು ಕಾರಣ ಯಾರೂ ಬಾಯಿಬಿಟ್ಟು ಹೇಳಲ್ಲ: ನೀನು, ನೀವು. ಕನ್ನಡದಲ್ಲಿ ಒಂದು ವಾಕ್ಯ ಬರೆಯಬೇಕಾದರೂ ಎದುರಿನವರು ನಿಮಗೆ ಏನಾಗಬೇಕು ಅಂತ ತೀರ್ಮಾನ ಆಗಿರಬೇಕು. ಕಾಲ್ ಮಾಡು ಅನ್ನಬೇಕೋ, ಕಾಲ್ ಮಾಡಿ ಅನ್ನಬೇಕೋ? ವಯಸ್ಸಿನಲ್ಲಿ ಚಿಕ್ಕವನು, ಸಂಬಂಧದಲ್ಲಿ ಭಾವ. ಶಾಲೆಯಲ್ಲಿ ಒಂದೇ ಬೆಂಚು, ಈಗ ಅವನು ಆಫೀಸರ್. ಇಂತಹ ಕಡೆ "ಪ್ಲೀಸ್ ಕಾಲ್ ಮಿ ವೆನ್ ಫ್ರೀ" ಅಂತ ಬರೆದು ಜನ ಪಾರಾಗುತ್ತಾರೆ. ಅದರ ಹಿಂದೆ ಇಂಗ್ಲಿಷಿನ ಮೋಹ ಹುಡುಕಬೇಡಿ.

ಆಪುಗಳಿಗೆ ನಮ್ಮ ಬೆರಕೆ ಅರ್ಥ ಆಗುತ್ತಾ?

ಸುಧಾರಿಸಿದೆ, ಆದರೂ ಎಡವುತ್ತದೆ. ಫೇಸ್‌ಬುಕ್ಕಿನ ಅನುವಾದದ ಬಟನ್ ಒತ್ತಿ ನಗದವರು ಯಾರಿದ್ದಾರೆ? ಕಷ್ಟ ಎಲ್ಲಿ ಅಂದರೆ, ಯಂತ್ರ ಮೊದಲು ಇದು ಯಾವ ಭಾಷೆ ಅಂತ ಒಂದು ಹೆಸರು ಇಟ್ಟುಕೊಂಡು ಶುರು ಮಾಡುತ್ತಿತ್ತು. ನಮ್ಮ ವಾಕ್ಯಕ್ಕೆ ಒಂದೇ ಹೆಸರು ಇಲ್ಲ. ಮೇಲಾಗಿ ಇಂಗ್ಲಿಷ್ ಅಕ್ಷರದ ಕನ್ನಡಕ್ಕೆ ಕಾಗುಣಿತವೇ ಇಲ್ಲ. "ಚೆನ್ನಾಗಿದೆ" ಅನ್ನೋದನ್ನ ಜನ ಹತ್ತು ತರ ಬರೆಯುತ್ತಾರೆ.

ಸಂಶೋಧಕರು ಯೂಟ್ಯೂಬಿನ ಕನ್ನಡ-ಇಂಗ್ಲಿಷ್ ಬೆರಕೆ ಕಮೆಂಟುಗಳನ್ನು ಕೂಡಿಹಾಕಿ, ಒಂದೊಂದಕ್ಕೂ ಹೊಗಳಿಕೆ, ತೆಗಳಿಕೆ, ಎರಡೂ ಅಂತ ಗುರುತು ಹಚ್ಚಿದ ಸಂಗ್ರಹವೊಂದನ್ನು 2020ರಲ್ಲಿ ಹೊರತಂದರು. ಅದರಲ್ಲಿ "ಕನ್ನಡ ಅಲ್ಲ" ಅಂತಲೂ ಒಂದು ಗುಂಪು ಇಡಬೇಕಾಯಿತು. ಇನ್ನು ಬೈಗುಳ ಹಿಡಿಯುವ ವಿಷಯ. ಯಾರಾದರೂ ಅಸಹ್ಯವಾಗಿ ಬೈದಿದ್ದರೆ ಯಂತ್ರ ತಾನಾಗಿ ತೆಗೆಯುತ್ತದೆ ಅಂತ ಕಾಯಬೇಡಿ. ನೀವೇ ರಿಪೋರ್ಟ್ ಮಾಡಿ, ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ.

ಮಕ್ಕಳು ಪರೀಕ್ಷೆಯಲ್ಲೂ ಹೀಗೇ ಬರೆದುಬಿಟ್ಟರೆ?

ಬರೆಯಲ್ಲ. ಅಜ್ಜನ ಹತ್ತಿರ ಒಂದು ತರ, ಗೆಳೆಯನ ಹತ್ತಿರ ಒಂದು ತರ ಮಾತಾಡೋಕೆ ಬರುವ ಮಗುವಿಗೆ ಉತ್ತರಪತ್ರಿಕೆ ಯಾವುದು, ಇನ್‌ಸ್ಟಾಗ್ರಾಂ ಯಾವುದು ಅಂತ ಗೊತ್ತಾಗುತ್ತದೆ. ನಿಜವಾಗಿ ಚಿಂತೆ ಮಾಡಬೇಕಾದ್ದು ಬೇರೆ. ಮಗು ಕನ್ನಡದಲ್ಲಿ ಒಂದು ಪುಟ ಓದುತ್ತದಾ? ಓದಿದರೆ ಬೆರೆಸಲಿ ಬಿಡಿ. ಓದದಿದ್ದರೆ ಬೆರೆಸೋದಕ್ಕೂ ಕೈಯಲ್ಲಿ ಕನ್ನಡ ಉಳಿಯಲ್ಲ.

ಅಂಗಡಿಯ ಪೇಜಿಗೆ ಬರೆಯೋದಾದರೆ ಯಾವ ಭಾಷೆ?

ನಾನು ಬರೆಯುವ ರೀತಿ ಇದು. ಲಿಪಿ ಕನ್ನಡ. ಪದ ಗಿರಾಕಿ ಬಾಯಲ್ಲಿ ಇರುವುದು. ಆಫರ್, ಡಿಸ್ಕೌಂಟ್, ಹೋಮ್ ಡೆಲಿವರಿ ಇವನ್ನು ರಿಯಾಯಿತಿ, ಮನೆಬಾಗಿಲಿಗೆ ಸೇವೆ ಅಂತ ತಿದ್ದೋಕೆ ಹೋಗಬೇಡಿ, ಸರ್ಕಾರಿ ಪ್ರಕಟಣೆ ಆಗಿಬಿಡುತ್ತದೆ. ಹುಡುಕಾಟದಲ್ಲಿ ಸಿಗಲಿ ಅಂತ ಅಂಗಡಿ ಹೆಸರು, ಏರಿಯಾ ಹೆಸರು ಮಾತ್ರ ಇಂಗ್ಲಿಷಿನಲ್ಲೂ ಒಂದು ಸಲ ಹಾಕಿ. ಗಿರಾಕಿ ಯಾವ ಭಾಷೆಯಲ್ಲಿ, ಯಾವ ಲಿಪಿಯಲ್ಲಿ ಕೇಳುತ್ತಾರೋ ಅದರಲ್ಲೇ ಉತ್ತರ ಕೊಡಿ. "ರೇಟ್ ಎಷ್ಟು ಅಣ್ಣ" ಅಂತ ಕೇಳಿದವನಿಗೆ "ಡಿಯರ್ ಕಸ್ಟಮರ್" ಅಂತ ಶುರು ಮಾಡಿದರೆ ಅವನು ಪಕ್ಕದ ಅಂಗಡಿಗೆ ಹೋಗುತ್ತಾನೆ.

"ಕನ್ನಡದಲ್ಲಿ ಬರೀರಿ" ಅಂತ ಯಾರಾದರೂ ಕಮೆಂಟ್ ಹಾಕಿದರೆ ಏನು ಮಾಡೋದು?

ಹಾಕಿದವರು ಓದಲಾಗದೆ ಹಾಕಿದ್ದಾರೋ, ತಿದ್ದೋಕೆ ಹಾಕಿದ್ದಾರೋ ನೋಡಿ. ಓದಲಾಗದವರಿಗೆ ಕನ್ನಡ ಲಿಪಿಯಲ್ಲಿ ಇನ್ನೊಮ್ಮೆ ಬರೆದು ಹಾಕಿ. ತಿದ್ದೋಕೆ ಬಂದವರು ಆ ಕಮೆಂಟನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆದಿರುವುದೂ ಉಂಟು. ಅವರಿಗೆ ಒಂದು ಲೈಕು ಒತ್ತಿ ಮುಂದೆ ಹೋಗಿ.

ನುಡಿ ಸಾಫ್ಟ್‌ವೇರ್‌ನಲ್ಲಿ ಟೈಪ್ ಮಾಡಿದ್ದನ್ನು ವಾಟ್ಸಾಪಿಗೆ ಹಾಕಿದರೆ ಏನೇನೋ ಗುರುತು ಬರ್ತಾವಲ್ಲ, ಯಾಕೆ?

ಭಾಷೆಯ ಪ್ರಶ್ನೆ ಅಲ್ಲ, ಆದರೂ ದಿನಾ ಕೇಳುತ್ತಾರೆ. ನುಡಿಯ ಹಳೇ ಫಾಂಟುಗಳು ಯುನಿಕೋಡ್ ಅಲ್ಲ. ಅವು ಇಂಗ್ಲಿಷ್ ಅಕ್ಷರ, ಗುರುತುಗಳ ಮೇಲೆ ಕನ್ನಡದ ಚಿತ್ರ ಕೂರಿಸಿದವು. ಆ ಫಾಂಟ್ ಇಲ್ಲದ ಕಡೆ ಅಂಟಿಸಿದ ಕೂಡಲೇ ಕನ್ನಡ ಹೋಗಿ ಅಡಿಯಲ್ಲಿರುವ ಗುರುತುಗಳು ಕಾಣುತ್ತವೆ. ಯುನಿಕೋಡಿಗೆ ಬದಲಿಸುವ ಕನ್ವರ್ಟರ್‌ಗಳು ಪುಕ್ಕಟೆ ಸಿಗುತ್ತವೆ. ಬದಲಿಸಿದ ಮೇಲೆ ಅರ್ಕಾವೊತ್ತು, ಅಂಕಿ, ನಡುವೆ ಇರುವ ಇಂಗ್ಲಿಷ್ ಪದ ಈ ಮೂರನ್ನು ಮಾತ್ರ ಕಣ್ಣಿಟ್ಟು ನೋಡಿ. ಬೆರಕೆ ಮ್ಯಾಟರಿನಲ್ಲಿ ಕನ್ವರ್ಟರ್ ಇಂಗ್ಲಿಷನ್ನೂ ಕನ್ನಡ ಅಂತ ತಿಳಿದು ಬದಲಿಸಿಬಿಡುತ್ತದೆ, ಆಗ ನಿಮ್ಮ ಅಂಗಡಿ ಹೆಸರು ಯಾರಿಗೂ ಓದಲು ಬಾರದ ಒಂದು ಹೊಸ ಪದ ಆಗಿರುತ್ತದೆ. ಪ್ರೂಫ್ ನೋಡದೆ ಓಕೆ ಅಂತ ಕಳಿಸಬೇಡಿ, ಫ್ಲೆಕ್ಸ್ ಒಮ್ಮೆ ಮಷಿನ್‌ಗೆ ಹೋದರೆ ದುಡ್ಡು ನಿಮ್ಮದೇ.